ರೊಟ್ಟಿಗೆ ಏನೈತಿ?

ಸಂಜೆ ಏಳಾದರೆ ನಮ್ಮ ಕಡೆ ಮನೆ ಮನೆಯಲ್ಲೂ ಒಂದು ಮಾತು ಏಳುತ್ತದೆ: "ರಾತ್ರಿಗೆ ಏನ್ ಮಾಡ್ಲಿ?" ಕೇಳುವವಳು ಹೆಂಗಸು, ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಾಳೆ. ಉತ್ತರ ಪಡಸಾಲೆಯಿಂದ ಬರುತ್ತದೆ: "ಏನರ ಮಾಡು."

1986ರಲ್ಲಿ ಮದುವೆಯಾದಂದಿನಿಂದ 2023ರಲ್ಲಿ ನೌಕರಿಯಿಂದ ನಿವೃತ್ತಳಾಗುವವರೆಗೆ ಈ 'ಏನರ ಮಾಡು' ಕೇಳಿಕೊಂಡು ಬಂದೆ. ಮೇಲ್ನೋಟಕ್ಕೆ ಉದಾರವಾದ ಮಾತು ಅದು. ನಿನಗೆ ಬೇಕಾದ್ದು ಮಾಡು, ನನ್ನದೇನೂ ತಕರಾರಿಲ್ಲ ಎಂದ ಹಾಗೆ. ಆದರೆ ತಾಟಿನ ಮುಂದೆ ಕೂತಾಗ ತಕರಾರು ಇರುತ್ತದೆ. "ಮತ್ತ ಬದನಿಕಾಯಿ ಏನ?" ಎಂಬ ಒಂದು ಮಾತಿಗೆ ಎರಡು ತಾಸಿನ ದುಡಿಮೆ ಮಣ್ಣುಪಾಲಾಗುತ್ತದೆ. ಅಡುಗೆ ಮಾಡುವ ಕೆಲಸ ಒಂದು, ಏನು ಅಡುಗೆ ಎಂದು ವಿಚಾರ ಮಾಡುವ ಕೆಲಸ ಇನ್ನೊಂದು. ಎರಡನೆಯದನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ. ಮೂವತ್ತೇಳು ವರ್ಷ ಮಾಡಿದವಳಾಗಿ ಹೇಳುತ್ತೇನೆ, ಎರಡನೆಯದೇ ಭಾರ.

ನಾನು ಹುಟ್ಟಿದ ಮನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ನನ್ನ ತವರು ಯರಗಟ್ಟಿ ಕಡೆಯ ಹಳ್ಳಿ. ಸವದತ್ತಿ ತಾಲೂಕನ್ನು ಆಗ ಕಾಗದಪತ್ರಗಳಲ್ಲಿ ಪರಸಗಡ ತಾಲೂಕು ಎಂದೇ ಬರೆಯುತ್ತಿದ್ದರು. ಎರಿ ಹೊಲ, ಮಳೆಯನ್ನೇ ನಂಬಿದ ಬೇಸಾಯ. ಅಲ್ಲಿ ಸಂಜೆ ಹೊಲದಿಂದ ಬಂದವರು ಕೈಕಾಲು ತೊಳೆಯುತ್ತ ಕೇಳುತ್ತಿದ್ದ ಮಾತು ಬೇರೆ: "ರೊಟ್ಟಿಗೆ ಏನೈತಿ?" ರೊಟ್ಟಿ ಪ್ರಶ್ನೆಯೇ ಅಲ್ಲ. ಅದು ಹಿಂದಿನ ಹಿಂಗಾರಿಯಲ್ಲಿ ಬಿತ್ತುವಾಗಲೇ ತೀರ್ಮಾನವಾದದ್ದು. ರೊಟ್ಟಿಗೆ ಹಚ್ಚಿಕೊಳ್ಳಲು ಏನು ಎಂಬುದಷ್ಟೇ ದಿನದ ವಿಚಾರ. ಅದಕ್ಕೂ ಉತ್ತರಗಳು ಬಹಳ ಇರಲಿಲ್ಲ.

ಆ ಉತ್ತರಗಳನ್ನು ಹೊಲವೇ ಕೊಡುತ್ತಿತ್ತು. ಮುಂಗಾರಿಯಲ್ಲಿ ಹೆಸರು, ಅಲಸಂದಿ, ಮಡಕಿ. ಹಿಂಗಾರಿಯಲ್ಲಿ ಬಿಳಿಜೋಳ, ಕಡಲಿ, ನಡುನಡುವೆ ಕುಸುಬಿಯ ಅಕ್ಕಡಿ ಸಾಲು, ಬದುವಿನ ಬದಿ ಅಗಸಿ. ಜೋಳ ರೊಟ್ಟಿಯಾಗುತ್ತಿತ್ತು. ಕಡಲಿ ಬೀಸಿದ ಹಿಟ್ಟು ಝುಣಕವಾಗುತ್ತಿತ್ತು. ಕುಸುಬಿ ಗಾಣಕ್ಕೆ ಹೋಗಿ ಎಣ್ಣೆಯಾಗಿ ಬರುತ್ತಿತ್ತು. ಅಗಸಿ, ಗುರೆಳ್ಳು ಹಿಂಡಿಯಾಗಿ ಡಬ್ಬಿ ಸೇರುತ್ತಿದ್ದವು. ಚಳಿಗಾಲ ಬಂತೆಂದರೆ ಹೊಲದಲ್ಲಿ ತಾನಾಗಿ ಹುಟ್ಟಿದ ಹತ್ತರಕಿ ತಪ್ಪಲವನ್ನು ತೊಳೆದು ಹಸಿದೇ ರೊಟ್ಟಿಯೊಳಗೆ ಸುತ್ತಿ ತಿನ್ನುವುದು. ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕಿ ಕುದಿಸಿದರೆ ಎರಡು ದಿನ ಕೆಡುತ್ತಿರಲಿಲ್ಲ. ಬದನೆಕಾಯಿ ಇದ್ದ ದಿನ ಎಣಗಾಯಿ, ಇಲ್ಲದ ದಿನ ಕೆಂಪಖಾರ, ಮೇಲೊಂದು ಉಳ್ಳಾಗಡ್ಡಿ. ಅನ್ನ ಹಬ್ಬಕ್ಕೆ, ಬೀಗರು ಬಂದಾಗ, ಇಲ್ಲವೆ ಜಡ್ಡಾದಾಗ. ಹುಡುಗಿಯಾಗಿದ್ದಾಗ ಜ್ವರ ಬಂದರೆ ನನಗೆ ಸಂತೋಷವಾಗುತ್ತಿದ್ದುದು ಬಿಳಿ ಅನ್ನದ ಆಸೆಗೆ.

ಜೋಳ ಹಗೇವಿನಲ್ಲಿ ಇರುತ್ತಿತ್ತು. ಮನೆಯ ಮುಂದಿನ ಅಂಗಳದಲ್ಲಿ ಆಳೆತ್ತರದ ಕುಣಿ, ಒಳಗೆ ಹುಲ್ಲಿನ ಹಾಸು, ಬಾಯಿಗೆ ಕಲ್ಲು, ಕಲ್ಲಿನ ಮೇಲೆ ಮಣ್ಣು. ಹಗೇವು ತೆರೆದ ದಿನ ಯಾರನ್ನೂ ಒಮ್ಮೆಲೇ ಒಳಗೆ ಇಳಿಸುತ್ತಿರಲಿಲ್ಲ. ಕಾವು ಹೋಗಲಿ ಎಂದು ಬಾಯಿ ತೆರೆದಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು. ಒಳಗೆ ನಿಂತ ಗಾಳಿಗೆ ಜೀವ ಹೋದದ್ದುಂಟು. ಬುಟ್ಟಿಯಲ್ಲಿ ಮೇಲೆ ಬಂದ ಜೋಳಕ್ಕೆ ಒಂದು ಗಮಟು ವಾಸನೆ ಇರುತ್ತಿತ್ತು. ಬಿಸಿಲಿಗೆ ಹರವಿದರೂ ಪೂರ್ತಿ ಹೋಗುತ್ತಿರಲಿಲ್ಲ. ನಮಗೆ ಅದೇ ರೊಟ್ಟಿಯ ವಾಸನೆ. ಈಗ ಕೆಲವರು ಹಗೇವಿನ ಜೋಳವೆಂದರೆ ಅಮೃತ ಎಂಬಂತೆ ಬರೆಯುತ್ತಾರೆ. ನಾನು ತಿಂದಿದ್ದೇನೆ. ನೀರು ಹೊಕ್ಕ ಹಗೇವಿನ ಜೋಳದ ರೊಟ್ಟಿ ಕಹಿಯಾಗಿರುತ್ತದೆ, ಅದನ್ನೂ ತಿಂದಿದ್ದೇನೆ.

ರೊಟ್ಟಿ ಮಾಡುವುದನ್ನು ಹೊರಗಿನವರಿಗೆ ಹೇಳಬೇಕಾದರೆ ಇಷ್ಟು. ಎಸರು ಕಳಕಳ ಕುದಿಯಬೇಕು. ಪರಾತದಲ್ಲಿ ಹಿಟ್ಟಿನ ನಡುವೆ ಗುಣಿ ಮಾಡಿ ಎಸರು ಸುರಿದು, ಮೊದಲು ಹುಟ್ಟಿನಿಂದ ಕಲಸಿ, ಕೈ ತಡೆದುಕೊಳ್ಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ನಾದಬೇಕು. ಜೋಳದಲ್ಲಿ ಗೋಧಿಯ ಜಿಗುಟಿಲ್ಲ. ಆ ಜಿಗಿ ಬಿಸಿನೀರಿನಿಂದ, ನಾದುವ ತೋಳಿನಿಂದ ಬರಬೇಕು. ಗಿರಣಿಯಿಂದ ತಂದು ಹದಿನೈದು ದಿನ ಆಗಿದ್ದರೆ ಹಿಟ್ಟು ಜಿಗಿ ಬಿಟ್ಟಿರುತ್ತದೆ, ಬಡಿದಂತೆ ಅಂಚು ಸೀಳುತ್ತದೆ. ಉಂಡಿ ಕಟ್ಟಿ, ಒಣಹಿಟ್ಟು ಉದುರಿಸಿ, ಎರಡು ಕೈಯಿಂದ ಬಡಿಯುತ್ತ ತಿರುಗಿಸುತ್ತ ಹಂಚಿನಗಲ ಮಾಡುವುದು. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದಿ ಅರಿವಿಯಿಂದ ನೀರು ಸವರುವುದು. ಆ ನೀರು ಇಂಗುವ ಹೊತ್ತಿಗೆ ಮಗುಚಿ, ಬೆಂದ ಮೇಲೆ ಒಲೆಯ ಬಾಯಿಗೆ ಕೆಂಡದೆದುರು ನಿಲ್ಲಿಸಿದರೆ ಉಬ್ಬುತ್ತದೆ. ಅವ್ವ ಎಂಟು ಮಂದಿಗೆ ರಾತ್ರಿ ಇಪ್ಪತ್ತೆರಡು ರೊಟ್ಟಿ ಬಡಿಯುತ್ತಿದ್ದಳು. ಬೇಸಿಗೆಯಲ್ಲೂ ಅಷ್ಟೇ. ಅವಳ ಬಲಗೈಯ ಬೆರಳ ತುದಿಗಳಲ್ಲಿ ಬಿಸಿ ತಿಳಿಯುವುದೇ ನಿಂತಿತ್ತು.

1972ರ ಬರಗಾಲ ಬಂದಾಗ ನನಗೆ ಒಂಬತ್ತು ವರ್ಷ. ಮುಂಗಾರಿ ಹೋಯಿತು, ಹಿಂಗಾರಿಯೂ ಹೋಯಿತು. ಹಗೇವು ತಳ ಕಂಡಿತು. ರೇಷನ್ನಿಗೆ ಹೊರದೇಶದ ಕೆಂಪಜೋಳ ಬಂತು. ಅದು ಹದಕ್ಕೆ ಬರುತ್ತಿರಲಿಲ್ಲ, ಬಡಿದರೆ ಒಡೆಯುತ್ತಿತ್ತು. ಅವ್ವ ನಾಲ್ಕು ದಿನ ನೋಡಿ ರೊಟ್ಟಿಯ ಆಸೆ ಬಿಟ್ಟಳು. ನುಚ್ಚು ಒಡೆಸಿ ಸಂಗಟಿ ಮಾಡಿದಳು. ಮಕ್ಕಳಿಗೆ ಹೊಟ್ಟೆನೋವು ಬಂತು. ಆದರೂ ಅದನ್ನೇ ತಿಂದೆವು.

ಮನೆಯಲ್ಲಿ ಇದ್ದ ಸ್ವಲ್ಪ ಬಿಳಿಜೋಳವನ್ನು ಅವ್ವ ಬೇರೆ ಇಟ್ಟಿದ್ದಳು. ದಿನಕ್ಕೆ ಹನ್ನೊಂದು ರೊಟ್ಟಿ. ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋಗುತ್ತಿದ್ದ ಅಪ್ಪನಿಗೆ ಮೂರು, ಅವನ ಜೋಡಿ ಹೋಗುತ್ತಿದ್ದ ದೊಡ್ಡಣ್ಣನಿಗೆ ಎರಡು, ಉಳಿದ ನಾಲ್ಕು ಮಕ್ಕಳಿಗೆ ಒಂದೊಂದು, ಆಯಿಗೆ ಒಂದು. ಉಳಿದ ಒಂದು ಅವಳದು. ಬುಟ್ಟಿಯನ್ನು ನೆಲುವಿನ ಮೇಲೆ ಇಟ್ಟು ಎಲ್ಲರ ಎದುರು ಗಟ್ಟಿಯಾಗಿ ಎಣಿಸಿ ಹಂಚುತ್ತಿದ್ದಳು. ಒಂದು ರಾತ್ರಿ ದೊಡ್ಡಣ್ಣ ಎದ್ದು ಮರುದಿನದ ಬುತ್ತಿಯ ರೊಟ್ಟಿ ಒಂದನ್ನು ತೆಗೆದು ತಿಂದ. ಅವ್ವ ಬೈಯಲಿಲ್ಲ, ಬಡಿಯಲಿಲ್ಲ. ಮರುದಿನ ಸಂಜೆ ಅವನ ತಾಟಿಗೆ ಒಂದೇ ರೊಟ್ಟಿ ಇಟ್ಟಳು. ಅವನು ಅವಳ ಮುಖ ನೋಡಿದ. ಅವಳು ಮುಂದಿನ ತಾಟಿಗೆ ಹೋದಳು. ಆಗ ಅವನಿಗೆ ಹದಿನಾರು. ಇಡೀ ದಿನ ಕಲ್ಲು ಹೊತ್ತು ಬಂದಿದ್ದ.

ಹಳೆಯ ಕಾಲದಲ್ಲಿ ಊಟದ ಚಿಂತೆ ಇರಲಿಲ್ಲ, ಇದ್ದದ್ದನ್ನು ಖುಷಿಯಿಂದ ಉಣ್ಣುತ್ತಿದ್ದೆವು ಎಂದು ನನ್ನ ಓರಗೆಯವರು ಹೇಳುವಾಗ ನನಗೆ ಆ ತಾಟು ನೆನಪಾಗುತ್ತದೆ. ಏನು ಉಣ್ಣಬೇಕೆಂಬ ಆಯ್ಕೆ ಇರಲಿಲ್ಲ, ನಿಜ. ಯಾರಿಗೆ ಎಷ್ಟು ಎಂಬ ತೀರ್ಮಾನ ದಿನಾ ಇತ್ತು. ಅದನ್ನು ಮಾಡುತ್ತಿದ್ದವಳು ಮೂವತ್ತೈದು ತುಂಬದ ಹೆಂಗಸು.

ಆ ವರ್ಷ ಶಾಲೆಯಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು ಕೊಡುತ್ತಿದ್ದರು. ಹಳದಿ ನುಚ್ಚು, ಜೋಡಿ ಡಬ್ಬಿಯ ಎಣ್ಣೆ. ಡಬ್ಬಿಯ ಮೇಲೆ ಎರಡು ಕೈ ಕುಲುಕುವ ಚಿತ್ರ. ನಾನು ಅರ್ಧ ತಿಂದು ಅರ್ಧವನ್ನು ಪಾಟಿಚೀಲದಲ್ಲಿ ಎಲೆಗೆ ಕಟ್ಟಿ ತರುತ್ತಿದ್ದೆ. ಇನ್ನೂ ಶಾಲೆಗೆ ಸೇರದ ತಂಗಿಗೆ ಅದೇ ರಾತ್ರಿಯ ಊಟದ ಮೊದಲ ತುತ್ತು.

ಮದುವೆಯಾಗಿ ಬಂದದ್ದು ಕಿತ್ತೂರಿನ ಪಡುವಣ ಬದಿಗೆ. ಕಿತ್ತೂರು ಆಗ ಬೈಲಹೊಂಗಲ ತಾಲೂಕಿನಲ್ಲಿತ್ತು. ನಕಾಶೆಯಲ್ಲಿ ಬೆರಳಗಲದ ಅಂತರ, ಆದರೆ ಮಣ್ಣು ಬೇರೆ, ಮಳೆ ಬೇರೆ. ನಮ್ಮ ಕಡೆಯ ತಾಲೂಕುಗಳನ್ನೆಲ್ಲ ಒಂದೇ ಸೀಮೆ ಎಂದುಕೊಂಡವರು ರಾತ್ರಿಯ ತಾಟು ನೋಡಬೇಕು. ಮೂಡಣದ ರಾಮದುರ್ಗದ ಕಡೆ ಚಳಿಗಾಲಕ್ಕೆ ಸಜ್ಜಿರೊಟ್ಟಿ, ಎಳ್ಳು ಹಚ್ಚಿದ್ದು. ಸವದತ್ತಿ, ಬೈಲಹೊಂಗಲದ ಎರಿಯಲ್ಲಿ ಬಿಳಿಜೋಳ. ಕಿತ್ತೂರು ದಾಟಿ ಖಾನಾಪುರದತ್ತ ಮುಖ ಮಾಡಿದರೆ ಮಲೆನಾಡಿನ ಸೆರಗು, ಕೆಮ್ಮಣ್ಣು, ಭತ್ತದ ಗದ್ದೆ. ನನ್ನ ಗಂಡನ ಮನೆಯಲ್ಲಿ ದಿನಾ ರಾತ್ರಿ ಅನ್ನ ಆಗುತ್ತಿತ್ತು, ರೊಟ್ಟಿ ಎರಡೇ. ಜ್ವರ ಇಲ್ಲದೆ ಅನ್ನ ಉಣ್ಣುವುದಕ್ಕೆ ನನಗೆ ತಿಂಗಳು ಬೇಕಾಯಿತು.

ಆ ಮನೆಯಲ್ಲಿ ನಾನು ಕಲಿತ ದೊಡ್ಡ ಪಾಠ ಅನ್ನದ್ದಲ್ಲ, ಕಾಳಿನದು. ನಮ್ಮ ಅತ್ತಿ ಮುಂಜಾನೆ ಎಲ್ಲರ ಚಹಾ ಆದ ಮೇಲೆ, ಒಲೆಯ ಮುಂದೆಯೇ ಕೂತು, ಡಬ್ಬಿಗಳ ಸಾಲು ನೋಡಿ, ಒಂದರಿಂದ ನಾಲ್ಕು ಹಿಡಿ ಕಾಳು ತೆಗೆದು ಹಿತ್ತಾಳಿ ಬೋಗುಣಿಯಲ್ಲಿ ನೆನೆ ಹಾಕುತ್ತಿದ್ದರು. ಮಡಕಿ, ಹೆಸರು, ಅಲಸಂದಿ, ಕಡಲಿ, ಹುರಳಿ. ಬರೆದಿಟ್ಟ ಪಟ್ಟಿ ಏನೂ ಇರಲಿಲ್ಲ. ನಿನ್ನೆ ಮೊನ್ನೆ ಆದದ್ದು ಇವತ್ತಿಲ್ಲ, ಅಷ್ಟೇ ಲೆಕ್ಕ. ಬೋಗುಣಿ ಒಲೆಯ ಕಟ್ಟೆಯ ಮೇಲೆ ಕೂತಿತೆಂದರೆ ಆ ದಿನದ ರಾತ್ರಿ ತೀರ್ಮಾನವಾದಂತೆ. ಆಮೇಲೆ ಯಾರೂ ಕೇಳುವಂತಿಲ್ಲ, ಯಾರೂ ಹೇಳುವಂತಿಲ್ಲ. ಹೊಲಕ್ಕೆ ಹೋಗುವವರು ಬೋಗುಣಿ ನೋಡಿಕೊಂಡೇ ಹೋಗುತ್ತಿದ್ದರು.

ಹೊಸದರಲ್ಲಿ ಒಂದು ದಿನ ಅತ್ತಿ ಊರಿಗೆ ಹೋಗಿದ್ದಾಗ ನಾನು ಕಾಳು ನೆನೆಸುವುದನ್ನು ಮರೆತೆ. ಸಂಜೆ ಹಸಿವೆ ಏರಿದ ಮೇಲೆ ನೆನಪಾಯಿತು. ಒಣ ಹುರಳಿಯನ್ನೇ ಒಲೆಗೆ ಏರಿಸಿದೆ. ಒಂಬತ್ತೂವರೆಯಾದರೂ ಬೇಯಲಿಲ್ಲ. ಮಾವ ಮಜ್ಜಿಗೆಗೆ ಉಪ್ಪು ಹಾಕಿಕೊಂಡು ಕುಡಿದು ಮಲಗಿದರು. ಮರುದಿನ ಬಂದ ಅತ್ತಿ ಹೇಳಿದ್ದು ಇಷ್ಟೇ: "ಹೊಟ್ಟಿ ತುಂಬಿದಾಗ ಸಂಜೀ ವಿಚಾರ ಮಾಡಬೇಕವಾ. ಹಸದಾಗ ಮಾಡಿದ್ರ ತಲಿ ಓಡೂದಿಲ್ಲ, ಕೈಗೆ ಸಿಕ್ಕಿದ್ದ ಬಾಯಿಗೆ ಹೊಕ್ಕೈತಿ." ಅಕ್ಷರ ಬಾರದ ಹೆಂಗಸು. ಈ ವಿಷಯದಲ್ಲಿ ಇದಕ್ಕಿಂತ ಸರಿಯಾದ ಮಾತನ್ನು ನಾನು ಆಮೇಲೆ ಎಲ್ಲೂ ಓದಿಲ್ಲ.

1988ರಲ್ಲಿ ನನಗೆ ಪ್ರಾಥಮಿಕ ಶಾಲೆಯ ನೌಕರಿ ಸಿಕ್ಕಿತು. ಬೈಲಹೊಂಗಲದಲ್ಲಿ ಬಾಡಿಗೆ ಮನೆ ಮಾಡಿದೆವು. ಹೊಸ ಮೇಷ್ಟರಗಿತ್ತಿಯ ಉಮೇದಿನಲ್ಲಿ ನಾನು ದಿನಾ ಬೆಳಿಗ್ಗೆ ಎರಡನೆಯ ಇಯತ್ತೆಯ ಮಕ್ಕಳನ್ನು ಮಾತಾಡಿಸಲು ಕೇಳುತ್ತಿದ್ದೆ: "ರಾತ್ರಿ ಏನ್ ಉಂಡ್ರಿ?" ಮಕ್ಕಳು ಎದ್ದು ನಿಂತು ಪೂರ್ತಿ ವಾಕ್ಯದಲ್ಲಿ ಹೇಳಬೇಕು. ರೊಟ್ಟಿ-ಝುಣಕ, ರೊಟ್ಟಿ-ಖಾರ, ನುಚ್ಚು-ಮಜ್ಜಿಗಿ, ರೊಟ್ಟಿ-ಬ್ಯಾಳಿ. ಭಾಷಾ ಪಾಠಕ್ಕೆ ಒಳ್ಳೆಯ ಅಭ್ಯಾಸ ಎಂದುಕೊಂಡಿದ್ದೆ.

ಹಿಂದಿನ ಸಾಲಿನ ಒಬ್ಬ ಹುಡುಗ ದಿನಾ "ಹೋಳಿಗಿ ಉಂಡೇನ್ರಿ" ಎನ್ನುತ್ತಿದ್ದ. ಹುಡುಗರು ನಗುತ್ತಿದ್ದರು. ನಾನೂ ಒಂದೆರಡು ಸಲ ಸುಳ್ಳು ಹೇಳಬಾರದು ಎಂದು ಗದರಿದೆ. ಬನದ ಹುಣ್ಣಿಮೆಯ ಹೊತ್ತಿಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಗಳು ಊರು ದಾಟುತ್ತಿದ್ದವು. ಗುಡ್ಡಕ್ಕೆ ಹೋಗುವವರು ಹೋಳಿಗೆ, ಕಡಬು, ವಡೆ ಮಾಡಿ ಪಡ್ಡಲಗಿ ತುಂಬಿಸಿ, ದಾರಿಯಲ್ಲಿ ಕಂಡವರಿಗೂ ಕೊಡುತ್ತಾರೆ. ಆ ಹುಡುಗ ದಿನಾ ಹೇಳುತ್ತಿದ್ದುದು ಹಿಂದಿನ ವರ್ಷ ಯಾರೋ ಹಾಗೆ ಕೊಟ್ಟ ಒಂದು ಹೋಳಿಗೆಯನ್ನು. ಅವನ ಅವ್ವ ಕೂಲಿಗೆ ಹೋದಲ್ಲೇ ಉಂಡು ಬರುವವಳು. ರಾತ್ರಿ ಮನೆಯಲ್ಲಿ ಒಲೆ ಹೊತ್ತುವ ದಿನಗಳು ವಾರಕ್ಕೆ ಮೂರೋ ನಾಲ್ಕೋ. ಇದು ನನಗೆ ತಿಳಿದದ್ದು ಅವನ ಅವ್ವ ಒಂದು ದಿನ ಶಾಲೆಗೆ ಬಂದಾಗ. ಅಂದಿನಿಂದ ಆ ಪ್ರಶ್ನೆಯನ್ನು ತರಗತಿಯಲ್ಲಿ ನಾನು ಕೇಳಲಿಲ್ಲ. ಏನು ಉಂಡೆ ಎಂಬ ಪ್ರಶ್ನೆ ಉಂಡವರಿಗೆ ಮಾತ್ರ ಸಲೀಸು. ಗದರಿದ್ದು ನನ್ನ ತಪ್ಪು, ಇಂದಿಗೂ ಅದು ತಪ್ಪೇ.

2003ರ ಹೊತ್ತಿಗೆ ಅಕ್ಷರ ದಾಸೋಹದ ಬಿಸಿಯೂಟ ನಮ್ಮ ಕಡೆಯ ಶಾಲೆಗಳಿಗೂ ಬಂತು. ಮಧ್ಯಾಹ್ನದ ಗಂಟೆ ಹೊಡೆದಾಗ ತಾಟು ಹಿಡಿದು ಸಾಲಾಗಿ ನಿಲ್ಲುವ ಮಕ್ಕಳನ್ನು ನೋಡುತ್ತ ನಾನು ಆ ಹುಡುಗನ ಲೆಕ್ಕ ಹಾಕುತ್ತಿದ್ದೆ. ಹದಿನೈದು ವರ್ಷ ತಡವಾಗಿ ಬಂದಿತ್ತು.

ನನ್ನದೇ ಮನೆಯ ಸಂಜೆಗಳು ಆಗ ಕೆಟ್ಟಿದ್ದವು. ಐದೂವರೆಗೆ ಹಳ್ಳಿಯ ಶಾಲೆಯಿಂದ ಬಸ್ಸು ಹಿಡಿದು ಆರೂವರೆಗೆ ಬೈಲಹೊಂಗಲದ ಸ್ಟ್ಯಾಂಡಿಗೆ ಇಳಿಯುವುದು. ಮಧ್ಯಾಹ್ನದ ಬುತ್ತಿ ಹೊಟ್ಟೆಯಲ್ಲಿ ಎಂದೋ ಕರಗಿರುತ್ತಿತ್ತು. ಸ್ಟ್ಯಾಂಡಿನ ಹೊರಗೆ ಮಿರ್ಚಿ ಎಣ್ಣೆಗೆ ಬೀಳುವ ಸಪ್ಪಳ. ಅಲ್ಲೇ ನಿಂತು ಗಿರಮಿಟ್ಟು, ಎರಡು ಮಿರ್ಚಿ, ಮನೆಗೆ ಎಂಟು ಕಟ್ಟಿಸಿಕೊಂಡು ಹೋಗುವುದು. ಮಕ್ಕಳು ತಿನ್ನುತ್ತಿದ್ದರು, ಅವರಪ್ಪ ತಿನ್ನುತ್ತಿದ್ದರು. ಎಂಟು ಗಂಟೆಗೆ ನಾನು "ಏನ್ ಮಾಡ್ಲಿ?" ಎಂದರೆ ಯಾರಿಗೂ ಹಸಿವೆಯಿಲ್ಲ. "ಏನರ ಮಾಡು, ಸ್ವಲ್ಪ ಮಾಡು." ಹತ್ತು ಗಂಟೆಗೆ ಎಲ್ಲರಿಗೂ ಹಸಿವೆ. ಆಗ ಅವಲಕ್ಕಿ ಒಗ್ಗರಣೆ, ಇಲ್ಲವೆ ಬ್ರೆಡ್ಡು. ಅತ್ತಿಯ ಬೋಗುಣಿ ನಾನು ಜೊತೆಗೇ ತಂದಿದ್ದೆ. ಬೆಳಿಗ್ಗೆ ಏಳರ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಅದು ಅಟ್ಟದ ಮೇಲೆ ಉಳಿಯಿತು. ನಾನೊಬ್ಬಳೇ ನೆನಪಿಡಬೇಕಾಗಿದ್ದುದರಿಂದ ಉಳಿಯಿತು. ಮನೆಯಲ್ಲಿ ಇನ್ನೂ ಮೂರು ಮಂದಿಗೆ ಕೈಗಳಿದ್ದವು.

2013ರ ಜುಲೈಯಲ್ಲಿ ಅನ್ನಭಾಗ್ಯ ಬಂತು. ರೂಪಾಯಿಗೊಂದು ಕಿಲೋ ಅಕ್ಕಿ, ಮುಂದೆ ಅದೂ ಇಲ್ಲದೆ ಉಚಿತ. ನಮ್ಮ ಸೀಮೆಯ ರಾತ್ರಿಯ ತಾಟು ಬದಲಾದದ್ದು ಆ ಹತ್ತು ವರ್ಷಗಳಲ್ಲಿ. ಮೊದಲು ರೊಟ್ಟಿ ಮೂರು ಇದ್ದದ್ದು ಎರಡಾಯಿತು, ಆಮೇಲೆ ಮುಂಜಾನೆ ಮಾಡಿದ್ದೇ ರಾತ್ರಿಗೂ ಸಾಕೆನಿಸಿತು, ಆಮೇಲೆ ರಾತ್ರಿಗೆ ಅನ್ನ-ಸಾರು ಎಂದೇ ಆಯಿತು. ರೊಟ್ಟಿ ಬಿಟ್ಟು ಮಂದಿ ಮೈಗಳ್ಳರಾದರು ಎನ್ನುವವರನ್ನು ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ ಬೇಕಾದಷ್ಟು ಕೇಳಿದ್ದೇನೆ. ಇಡೀ ದಿನ ಕಬ್ಬಿನಲ್ಲಿ ಕಳೆ ತೆಗೆದು ಬಂದ ಹೆಂಗಸು ಹಸಿದ ಹೊಟ್ಟೆಯಲ್ಲಿ ಕುಳಿತು ಇಪ್ಪತ್ತೆರಡು ರೊಟ್ಟಿ ಬಡಿಯುವುದು ಏನೆಂದು ಅವರಿಗೆ ಗೊತ್ತಿಲ್ಲ. ಕುಕ್ಕರಿನಲ್ಲಿ ಮೂರು ಸೀಟಿಗೆ ಅನ್ನ ಆಗುತ್ತದೆ, ಆ ಹೊತ್ತಿಗೆ ಅವಳು ಗೋಡೆಗೆ ಬೆನ್ನು ಕೊಡಬಹುದು. ಅಕ್ಕಿ ಮೊದಲು ಕೊಟ್ಟದ್ದು ಹೊಟ್ಟೆ ತುಂಬ ಊಟ, ಎರಡನೆಯದಾಗಿ ಆ ಅರ್ಧ ತಾಸು. ಎರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಜೋಳ ಹಿಂದೆ ಸರಿದದ್ದಕ್ಕೆ ಅಕ್ಕಿಯೊಂದೇ ಕಾರಣವೂ ಅಲ್ಲ. ತವರಿನಲ್ಲಿ ದೊಡ್ಡಣ್ಣ ಹನ್ನೆರಡು ಎಕರೆಯಲ್ಲಿ ಈಗ ಒಂದು ಎಕರೆ ಜೋಳ ಹಾಕುತ್ತಾನೆ. ಉಳಿದದ್ದು ಗೋವಿನಜೋಳ, ಕೊಳವೆಬಾವಿಯ ನೀರು ಹರಿಯುವಲ್ಲಿ ಕಬ್ಬು. ಕೇಳಿದರೆ ಅವನು ಎತ್ತಿನಿಂದ ಶುರುಮಾಡುತ್ತಾನೆ. ಎತ್ತು ಇದ್ದಾಗ ಕಣಕಿ ಬೇಕಿತ್ತು, ಅದಕ್ಕೆ ಜೋಳ ಬೇಕಿತ್ತು. ಕಾಳು ಮನೆಗೆ, ಕಣಕಿ ದನಕ್ಕೆ. ಟ್ರ್ಯಾಕ್ಟರ್ ಬಂತು, ಎತ್ತು ಹೋದವು, ಕಣಕಿಯ ಗರಜು ಹೋಯಿತು. ಹಿಂಗಾರಿ ಜೋಳವನ್ನು ಬೇರುಸಹಿತ ಕೈಯಿಂದ ಕೀಳಬೇಕು. ಅದಕ್ಕೆ ಆಳು ಸಿಗುವುದಿಲ್ಲ. ಹಕ್ಕಿ ಕಾಯಲು ಹುಡುಗರಿಲ್ಲ, ಶಾಲೆಗೆ ಹೋಗುತ್ತಾರೆ, ಹೋಗಲೇಬೇಕು. ಹೀಗೆ ಒಂದೊಂದೇ ಕಾರಣ ಸರಿಯಾದದ್ದೇ, ಎಲ್ಲ ಕೂಡಿ ಮಾಲದಂಡಿ ಜೋಳ ಸಂತೆಯಲ್ಲಿ ತುಟ್ಟಿಯಾಗಿದೆ. ಬಡವರ ಕಾಳು ಎನಿಸಿಕೊಂಡಿದ್ದು ಈಗ ಉಳ್ಳವರ ಮನೆಯಲ್ಲಿ ದಿನಾ ಬೇಯುತ್ತದೆ. ಕಡಕ್ ರೊಟ್ಟಿಯ ಪಾಕೀಟು ಪೇಟೆಯ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಮಾಡಿ ಮಾರುವ ಹೆಂಗಸರು ತಮ್ಮ ಮನೆಯಲ್ಲಿ ರಾತ್ರಿ ಅನ್ನ ಉಣ್ಣುತ್ತಾರೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನೀರು ನುಗ್ಗಿತು. ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು, ಮೇಲೆ ಮಳೆ. ನನ್ನ ತಂಗಿಯ ಮನೆ ಅಲ್ಲಿ, ಹೊಳೆಯ ಹತ್ತಿರದ ಓಣಿಯಲ್ಲಿ. ನಾಲ್ಕು ದಿನ ಅವರು ಗಂಜಿ ಕೇಂದ್ರದಲ್ಲಿದ್ದರು. ಬೇರೆ ಊರುಗಳಿಂದ ಮಂದಿ ರೊಟ್ಟಿ ಬಡಿದು ಗಂಟು ಕಟ್ಟಿ ಟೆಂಪೋದಲ್ಲಿ ಕಳಿಸುತ್ತಿದ್ದ ದಿನಗಳವು. ಬೈಲಹೊಂಗಲದ ನಮ್ಮ ಓಣಿಯಿಂದಲೂ ಕಳಿಸಿದೆವು. ಐದನೆಯ ದಿನ ತಂಗಿ ಮಕ್ಕಳನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. ಸಂಜೆ ನಾನು ರೂಢಿಯಂತೆ ಕೇಳಿದೆ: "ಏನ್ ಮಾಡ್ಲಿ ನಿಮಗ?" ಅವಳು ಸುಮ್ಮನೆ ಕೂತಿದ್ದವಳು ಎದ್ದು ಬಂದು, "ಪರಾತ ಕೊಡು, ನಾ ಮಾಡತೇನಿ. ನಾಕ ದಿನಾ ಯಾರೋ ಕೊಟ್ಟದ್ದ ಉಂಡೇನಿ. ಚಲೋನ ಕೊಟ್ರು. ಆದ್ರ ಇವತ್ತ ಏನ್ ಉಣ್ಣಬೇಕಂತ ನಾನ ಹೇಳತೇನಿ" ಎಂದಳು. ಹಿಟ್ಟಿನ ಪಲ್ಯ ಮಾಡಿದಳು, ಬೆಳ್ಳುಳ್ಳಿ ಹೆಚ್ಚು ಹಾಕಿ. ನೀರಿನಲ್ಲಿ ಅವಳ ಮನೆಯ ಡಬ್ಬಿಗಳೆಲ್ಲ ಹೋಗಿದ್ದವು. ತೀರ್ಮಾನ ಮಾಡುವುದು ಭಾರ ಎಂದು ಮೂರು ದಶಕ ಹೇಳಿಕೊಂಡು ಬಂದ ನನಗೆ ಅದು ಕೈತಪ್ಪಿ ಹೋದವರ ಸಂಕಟ ಆ ದಿನ ತಿಳಿಯಿತು. ಭಾರ ಇರುವುದು ತೀರ್ಮಾನದಲ್ಲಿ ಅಲ್ಲ, ಅದನ್ನು ದಿನಾ ಒಬ್ಬಳೇ ಹೊರುವುದರಲ್ಲಿ.

ಮಗಳು ಬೆಂಗಳೂರಿನಲ್ಲಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಎಂಟೂವರೆಗೆ ಫೋನು ಮಾಡಿ, "ಏನ್ ಉಣ್ಣಾಕತ್ತಿ?" ಎಂದು ಕೇಳಿದರೆ, "ಇನ್ನಾ ನೋಡಾಕತ್ತೇನವ್ವಾ" ಎನ್ನುತ್ತಾಳೆ. ಒಂಬತ್ತಕ್ಕೂ ನೋಡುತ್ತಿರುತ್ತಾಳೆ. ಹೋಗಿ ಎರಡು ವಾರ ಇದ್ದಾಗ ಕಂಡೆ. ಸ್ವಿಗ್ಗಿಯಲ್ಲಿ ಬೆರಳಾಡಿಸುವುದು, ಜೊಮ್ಯಾಟೊಗೆ ಹೋಗುವುದು, ಮತ್ತೆ ಹಿಂದೆ ಬರುವುದು. ದೋಸೆ, ನೂಡಲ್ಸು, ಬಿರಿಯಾನಿ, ನಮ್ಮ ಕಡೆಯ ಖಾನಾವಳಿಯ ರೊಟ್ಟಿ ಊಟವೂ ಉಂಟು. ನೂರು ಅಂಗಡಿ, ಪ್ರತಿ ಅಂಗಡಿಯಲ್ಲಿ ನೂರು ತಿನಿಸು. ಅಳಿಯನನ್ನು ಕೇಳಿದರೆ ಅವನ ಬಾಯಲ್ಲಿ ಇಂಗ್ಲಿಷಿನಲ್ಲಿ ಅದೇ 'ಏನರ ಮಾಡು.' ಕೊನೆಗೆ ಹಸಿವೆ ಸಿಟ್ಟಾಗಿ, ನಿನ್ನೆ ತರಿಸಿದ್ದನ್ನೇ ತರಿಸುತ್ತಾರೆ. ಅದು ಬರುವಾಗ ಹತ್ತು. ಇಬ್ಬರೂ ಅರ್ಧ ಉಂಡು ಬಿಡುತ್ತಾರೆ.

ನಾನು ಅತ್ತಿಯ ಮಾತು ಹೇಳಿದೆ, ಹಸಿದಾಗ ತಲೆ ಓಡುವುದಿಲ್ಲ ಎಂದು. ಮಗಳು ಒಪ್ಪಿದಳು, ಮೇಲೆ ತನ್ನ ಕಡೆಯಿಂದಲೂ ಹೇಳಿದಳು. ಹಸಿವೆಯನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಜಠರದಲ್ಲೇ ಹುಟ್ಟುತ್ತದೆ ಎಂದು 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಸಂಗಡಿಗರು ಕಂಡುಹಿಡಿದರಂತೆ. ದಿನಾ ಉಣ್ಣುವ ಹೊತ್ತು ಹತ್ತಿರವಾದಂತೆ ಅದು ತಾನಾಗಿ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಹೊತ್ತು ಮೀರಿಸಿ ಫೋನು ಹಿಡಿದು ಕೂತರೆ ಕಣ್ಣಿಗೆ ಎಣ್ಣೆ, ಸಕ್ಕರೆಯದೇ ಚಂದ ಕಾಣುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಹೀಗೇಕೆ ಎಂದು ಕೇಳಿದೆ. "ಮುಂಜಾನೆ ವಿಚಾರ ಮಾಡಾಕ ಯಾರಿಗೆ ಹೊತ್ತೈತಿ ಅವ್ವಾ? ಮಾಡಿದ್ರ ನಾನ ಮಾಡಬೇಕು" ಎಂದಳು. ಆ ಕೊನೆಯ ಮಾತು ನನ್ನದೇ ಮಾತು. ಮುನ್ನೂರು ಚದರಡಿಯ ಅಡುಗೆಮನೆ, ಫ್ರಿಜ್ಜು, ಮೈಕ್ರೊವೇವು ಎಲ್ಲ ಇದ್ದೂ ಮಗಳ ಕಾಲಕ್ಕೆ ಅದು ಬದಲಾಗಿಲ್ಲ ಎಂಬುದು ನನಗೆ ನೋವು ಕೊಟ್ಟಿತು.

ಬೆಂಗಳೂರಿನಿಂದ ಬಂದ ಮರುದಿನ ಅಟ್ಟ ಹತ್ತಿ ಹಿತ್ತಾಳಿ ಬೋಗುಣಿ ಇಳಿಸಿದೆ. ಹುಣಸೆಹುಳಿ ಹಚ್ಚಿ ತಿಕ್ಕಿ ತೊಳೆದೆ. ಅದೇ ವರ್ಷ, 2023ರಲ್ಲಿ, ನಾನು ನಿವೃತ್ತಳಾಗಿದ್ದೆ. ನಮ್ಮ ಯಜಮಾನರು ಎರಡು ವರ್ಷ ಮೊದಲೇ ಆಗಿದ್ದರು. ಚಹಾ ಕುಡಿಯುತ್ತ ಕೂತಿದ್ದವರ ಮುಂದೆ ಬೋಗುಣಿ ಇಟ್ಟು ಹೇಳಿದೆ: "ಅಡಗಿ ನಾ ಮಾಡತೇನ್ರಿ. ಏನ್ ಅಡಗಿ ಅಂಬೂದು ಇನ್ನ ಮುಂದ ನಿಮ್ಮದು. ಮುಂಜಾನೆ ಚಹಾ ಆದ ಕೂಡಲೇ ಕಾಳು ನೆನಿ ಹಾಕ್ರಿ. ನನ್ನ ಕೇಳಬ್ಯಾಡ್ರಿ." ಅವರು ಬೋಗುಣಿ ನೋಡಿದರು. ತಮ್ಮ ತಾಯಿಯದೆಂದು ಗುರುತು ಹಿಡಿದರು. ಬಹಳ ಹೊತ್ತು ಏನೂ ಅನ್ನಲಿಲ್ಲ.

ಮೊದಲ ವಾರ ಐದು ದಿನ ಹೆಸರೇ ನೆನೆಯಿತು. ನಾನು ಐದು ದಿನವೂ ಹೆ­ಸರುಕಾಳಿನ ಪಲ್ಯ ಮಾಡಿದೆ, ಮಾತಾಡಲಿಲ್ಲ. ಆರನೆಯ ದಿನ ಅವರು ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡುವ ಸಪ್ಪಳ ಕೇಳಿಸಿತು. ಯಾವ ಕಾಳಿಗೆ ಎಷ್ಟು ತಾಸು ಬೇಕು, ಹುರಳಿಯನ್ನು ರಾತ್ರಿಯೇ ಹಾಕಬೇಕು, ಹೆಸರು ನಾಲ್ಕು ತಾಸಿಗೆ ಸಾಕು, ಮಡಕಿಯನ್ನು ಅರಿವಿಯಲ್ಲಿ ಕಟ್ಟಿಟ್ಟರೆ ಮೊಳಕೆ ಬರುತ್ತದೆ, ಇವೆಲ್ಲ ಅವರಿಗೆ ಅರವತ್ತೆರಡು ದಾಟಿದ ಮೇಲೆ ತಿಳಿದವು. ಒಂದು ರಾತ್ರಿ ಉಣ್ಣುತ್ತ, "ದಿನಾ ಹೊಸಾದ್ ಏನ್ ತರೂದ, ತಲಿ ಕೆಡತೈತಿ" ಎಂದರು. ನಾನು ಹೌದ್ರಿ ಎಂದೆ.

ರಾತ್ರಿಯ ರೊಟ್ಟಿ ಈಗ ಇಬ್ಬರಿಗೂ ಕೂಡಿ ನಾಲ್ಕು. ಬಡಿಯಲು ನನ್ನ ತೋಳು ಮೊದಲಿನ ಹಾಗೆ ಏಳುವುದಿಲ್ಲ, ವಾರದಲ್ಲಿ ಮೂರು ದಿನ ಅನ್ನವೇ. ಏಳೂವರೆಗೆ ಊಟ, ಎಂಟಕ್ಕೆ ತಾಟು ತೊಳೆದಿರುತ್ತದೆ. ಮಗಳು ಹೋದ ತಿಂಗಳು ಫೋನು ಮಾಡಿ ಹುರಳಿ ಎಷ್ಟು ತಾಸು ನೆನೆಯಬೇಕೆಂದು ಕೇಳಿದಳು. ಫೋನನ್ನು ಅವರಪ್ಪನ ಕೈಗೆ ಕೊಟ್ಟೆ.

ಇವತ್ತು ಬುಧವಾರ, ಅಲಸಂದಿ ನೆನೆದಿದೆ.